ತಟ್ಟೆ ಒಡೆದ ಫಿಲಿಪ್, ನೀರಿಗೆ ಬಿದ್ದ ಹಾನ್ಸ್

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹೈನ್ರಿಕ್ ಹಾಫ್‌ಮನ್ ಅಂತ ಒಬ್ಬ ವೈದ್ಯರಿದ್ದರು. 1844ರ ಕ್ರಿಸ್‌ಮಸ್‌ಗೆ ತಮ್ಮ 3 ವರ್ಷದ ಮಗನಿಗೆ ಕೊಡೋಕೆ ಒಂದು ಚಿತ್ರಪುಸ್ತಕ ಹುಡುಕಿದರು. ಅಂಗಡಿಯಲ್ಲಿದ್ದ ಯಾವುದೂ ಹಿಡಿಸಲಿಲ್ಲ. ಕೊನೆಗೆ ಖಾಲಿ ನೋಟ್‌ಬುಕ್ ತಂದು, ತಾವೇ ಪದ್ಯ ಬರೆದು, ಚಿತ್ರ ಬಿಡಿಸಿ ಮಗನ ಕೈಗಿಟ್ಟರು. 1845ರಲ್ಲಿ ಅದು ಅಚ್ಚಾಯಿತು. ಮುಂದೆ ‘ಸ್ಟ್ರುವೆಲ್‌ಪೀಟರ್’ ಅನ್ನೋ ಹೆಸರಲ್ಲಿ ಜರ್ಮನಿಯಲ್ಲಿ ಮನೆಮಾತಾದ ಪುಸ್ತಕ ಅದೇ. ನಂತರದ ಮುದ್ರಣಗಳಲ್ಲಿ ಇನ್ನೂ ಕೆಲವು ಪದ್ಯ ಸೇರಿಕೊಂಡವು. ಅವುಗಳಲ್ಲಿ ಬರೋ ಇಬ್ಬರು ಹುಡುಗರು ನಮಗೆ ಬೇಕು.

ಮೊದಲನೆಯವನು ಫಿಲಿಪ್. ಊಟದ ಮೇಜಿನ ಮುಂದೆ ಎರಡು ನಿಮಿಷ ಸುಮ್ಮನೆ ಕೂರಲಾರ. ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ತೂಗ್ತಾ ತೂಗ್ತಾ ಆಯ ತಪ್ಪಿ ಬೀಳುವಾಗ ಮೇಜಿನ ಮೇಲಿನ ಬಟ್ಟೆ ಹಿಡ್ಕೊಳ್ತಾನೆ. ತಟ್ಟೆ, ಬಟ್ಟಲು, ಬ್ರೆಡ್ಡು ಎಲ್ಲಾ ನೆಲಕ್ಕೆ. ಅಪ್ಪನಿಗೆ ಕೆಂಡದಂಥ ಕೋಪ. ಎರಡನೆಯವನು ಹಾನ್ಸ್. ಶಾಲೆಗೆ ಹೋಗೋ ದಾರಿಯಲ್ಲಿ ಅವನ ಕಣ್ಣು ಯಾವಾಗಲೂ ಆಕಾಶದ ಮೇಲೆ. ಒಂದು ದಿನ ಎದುರಿಗೆ ಬಂದ ನಾಯಿಗೆ ಡಿಕ್ಕಿ ಹೊಡೆದು ಬೀಳ್ತಾನೆ. ಇನ್ನೊಂದು ದಿನ ಸೀದಾ ನಡ್ಕೊಂಡು ಹೋಗಿ ನದಿಗೆ ಬೀಳ್ತಾನೆ. ಯಾರೋ ಇಬ್ಬರು ಕೋಲು ಹಾಕಿ ದಡಕ್ಕೆಳೀತಾರೆ. ಅವನ ಪುಸ್ತಕ ಮಾತ್ರ ತೇಲಿಕೊಂಡು ಹೋಗುತ್ತೆ.

ಹಾಫ್‌ಮನ್ ಬರೆದದ್ದು ನೀತಿಪದ್ಯ, ವೈದ್ಯಕೀಯ ವರದಿ ಅಲ್ಲ. ಆದರೂ ಇವತ್ತು ನಾವು ಎಡಿಎಚ್‌ಡಿ ಅಂತ ಕರೆಯೋ ಸ್ಥಿತಿಯ ಎರಡು ಮುಖಗಳು ಅಲ್ಲಿವೆ. ಫಿಲಿಪ್‌ನದು ಅತಿ ಚಟುವಟಿಕೆ, ಹಿಂದುಮುಂದು ನೋಡದೆ ನುಗ್ಗೋ ಸ್ವಭಾವ. ಹಾನ್ಸ್‌ನದು ಗಮನವನ್ನು ಬೇಕಾದ ಕಡೆ ನಿಲ್ಲಿಸಲಾಗದ ಕಷ್ಟ. ಇನ್ನೊಂದು ವ್ಯತ್ಯಾಸವೂ ಇದೆ. ಫಿಲಿಪ್ ಬಿದ್ದಾಗ ಇಡೀ ಮನೆಯ ಊಟ ಹೋಯ್ತು. ಹಾನ್ಸ್ ಬಿದ್ದಾಗ ಒದ್ದೆಯಾಗಿದ್ದು ಅವನೊಬ್ಬನೇ. ಮುಂದೆ ನೂರಕ್ಕೂ ಹೆಚ್ಚು ವರ್ಷ ವೈದ್ಯಲೋಕ ಫಿಲಿಪ್‌ನ ಹಿಂದೆಯೇ ಓಡಿತು, ಹಾನ್ಸ್ ಯಾರ ಕಣ್ಣಿಗೂ ಬೀಳಲಿಲ್ಲ. ಮೂವತ್ತು ದಾಟಿ, ಕೆಲಸ ಹಿಡಿದು, ಇಎಂಐ ಕಟ್ಟೋ ಕಾಲಕ್ಕೆ ‘ನನಗೂ ಇದು ಇರಬಹುದಾ’ ಅಂತ ಇಷ್ಟೊಂದು ಜನ ಯಾಕೆ ಕೇಳ್ಕೊಳ್ತಿದ್ದಾರೆ ಅಂತ ತಿಳಿಯೋಕೆ ಈ ಇತಿಹಾಸ ಸ್ವಲ್ಪ ಗೊತ್ತಿರಬೇಕು.

‘ಇದೆಲ್ಲ ಮೊಬೈಲ್ ಬಂದ ಮೇಲಿನ ಕಾಯಿಲೆ’ ಅನ್ನೋರಿಗೆ ಮೊದಲು ತೋರಿಸಬೇಕಾದ ವರ್ಷ 1775. ಜರ್ಮನ್ ವೈದ್ಯ ಮೆಲ್ಕಿಯೋರ್ ಆಡಮ್ ವೈಕಾರ್ಡ್ ಆ ವರ್ಷದ ತಮ್ಮ ಪುಸ್ತಕದಲ್ಲಿ ಗಮನದ ಕೊರತೆಯ ಬಗ್ಗೆ ಬರೆದರು. ತಣ್ಣೀರ ಸ್ನಾನ, ಕುದುರೆ ಸವಾರಿ, ವ್ಯಾಯಾಮ ಇವೆಲ್ಲ ಅವರು ಹೇಳಿದ ಚಿಕಿತ್ಸೆಗಳು. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಇನ್ನೂ ಆಳಕ್ಕೆ ಹೋದರು. ಕೆಲವರಿಗೆ ಹುಟ್ಟಿನಿಂದಲೇ ಗಮನ ಒಂದು ಕಡೆ ನಿಲ್ಲಲ್ಲ, ಕೋಣೆಯಲ್ಲಿ ಯಾರೋ ಓಡಾಡಿದರೆ, ಮೇಜು ಸರಿಸಿದರೆ, ಬಾಗಿಲು ಧಡಕ್ಕಂತ ಹಾಕಿದರೆ, ಬೆಳಕು ಸ್ವಲ್ಪ ಹೆಚ್ಚಾದರೆ ಅಥವಾ ಕಡಿಮೆಯಾದರೆ ಅವರ ಕೆಲಸ ಅಲ್ಲಿಗೇ ನಿಂತುಹೋಗುತ್ತೆ ಅಂತ ವಿವರಿಸಿದರು. ಓಪನ್ ಆಫೀಸ್‌ನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕ್ರೈಟನ್ ಇನ್ನೊಂದು ಮಾತೂ ಹೇಳಿದ್ದರು: ವಯಸ್ಸಾಗ್ತಾ ಇದು ಕಡಿಮೆಯಾಗುತ್ತೆ. ಆ ನಂಬಿಕೆ ಮುಂದೆ ಸುಮಾರು 180 ವರ್ಷ ಅಲುಗಲಿಲ್ಲ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಮೂರು ಉಪನ್ಯಾಸ ಕೊಟ್ಟರು. ಬುದ್ಧಿ ಸರಿಯಾಗಿಯೇ ಇದ್ದು, ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ಮಾತಾಡಿದರು. ಅವರು ಕಂಡವರಲ್ಲಿ ಹುಡುಗರೇ ಹೆಚ್ಚು. ಇದು ಬರೀ ಬೆಳೆಸಿದ ರೀತಿಯ ತಪ್ಪಲ್ಲ, ಒಳಗೇ ಏನೋ ಕಾರಣ ಇರಬೇಕು ಅಂತ ಅವರು ಊಹಿಸಿದ್ದು ದೊಡ್ಡ ಹೆಜ್ಜೆ. ಆದರೆ ಅದಕ್ಕೆ ಅವರಿಟ್ಟ ಹೆಸರು ‘ನೈತಿಕ ನಿಯಂತ್ರಣದ ಕೊರತೆ’. ಇಲ್ಲಿ ಸ್ವಲ್ಪ ನಿಲ್ಲೋಣ. ಸ್ಟಿಲ್ ಈ ಪದವನ್ನು ವಿಶಾಲ ಅರ್ಥದಲ್ಲಿ ಬಳಸಿದ್ದರು, ಆದರೂ ಪದಕ್ಕೆ ಅದರದೇ ತೂಕ ಇರುತ್ತೆ. ನೀತಿಯ ಮಾತು ಬಂತು ಅಂದ್ರೆ ಅದು ಗುಣದ ಪ್ರಶ್ನೆಯಾಯ್ತು. ವೈದ್ಯರು ಆ ಪದವನ್ನು ಬಿಟ್ಟು ಬಹಳ ಕಾಲವಾಯ್ತು, ನಾವು ಬಿಟ್ಟಿಲ್ಲ. ‘ಬುದ್ಧಿ ಇದೆ, ಮನಸ್ಸಿಟ್ಟು ಮಾಡಲ್ಲ’, ‘ಸೋಂಬೇರಿ’, ‘ಬೇಜವಾಬ್ದಾರಿ’, ‘ಮನೆ ಬಗ್ಗೆ ಕಾಳಜಿನೇ ಇಲ್ಲ’ – ನಮ್ಮ ಮನೆಗಳಲ್ಲಿ, ಅಪ್ರೈಸಲ್ ಮೀಟಿಂಗ್‌ಗಳಲ್ಲಿ ಇನ್ನೂ 1902ನೇ ಇಸವಿಯೇ ನಡೀತಿದೆ.

ನೀತಿಯಿಂದ ಮಿದುಳಿನ ಕಡೆಗೆ ವೈದ್ಯರ ಕಣ್ಣು ತಿರುಗಿಸಿದ್ದು ಒಂದು ಸಾಂಕ್ರಾಮಿಕ ರೋಗ. 1917ರಲ್ಲಿ ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಎಕಾನಮೊ ವಿವರಿಸಿದ ‘ಎನ್ಸೆಫಲೈಟಿಸ್ ಲೆತಾರ್ಜಿಕಾ’ ಅನ್ನೋ ಮಿದುಳಿನ ಉರಿಯೂತ ಮುಂದಿನ ಸುಮಾರು ಹತ್ತು ವರ್ಷ ಜಗತ್ತನ್ನು ಕಾಡಿತು. ಬದುಕುಳಿದ ಮಕ್ಕಳಲ್ಲಿ ಹಲವರು ಬೇರೆಯೇ ಮಕ್ಕಳಾಗಿಬಿಟ್ಟಿದ್ದರು. ಒಂದು ಕಡೆ ಕೂರಲಾರರು, ಗಮನ ಇಲ್ಲ, ಸಿಡುಕು. ನಿನ್ನೆವರೆಗೆ ಸರಿಯಿದ್ದ ಮಗು ಜ್ವರ ಬಂದು ಹೋದ ಮೇಲೆ ಹೀಗಾದರೆ ಅದನ್ನು ಸಂಸ್ಕಾರದ ತಪ್ಪು ಅನ್ನೋಕಾಗಲ್ಲ. ಆದರೆ ಇದರಿಂದ ಇನ್ನೊಂದು ಅತಿರೇಕ ಹುಟ್ಟಿತು. ಇಂಥ ಮಕ್ಕಳಿಗೆಲ್ಲ ಮಿದುಳಿಗೆ ಏನೋ ಪೆಟ್ಟಾಗಿರಲೇಬೇಕು ಅಂತ ಅಂದುಕೊಂಡು ‘ಮಿನಿಮಲ್ ಬ್ರೇನ್ ಡ್ಯಾಮೇಜ್’ ಅಂತ ಹೆಸರಿಟ್ಟರು. ಎಷ್ಟು ಹುಡುಕಿದರೂ ಹೆಚ್ಚಿನವರಲ್ಲಿ ಪೆಟ್ಟಿನ ಗುರುತು ಸಿಗಲಿಲ್ಲ. 1960ರ ದಶಕದಲ್ಲಿ ‘ಡ್ಯಾಮೇಜ್’ ತೆಗೆದು ‘ಡಿಸ್‌ಫಂಕ್ಷನ್’ ಅಂತ ಹಾಕ್ಕೊಂಡರು. ಬಗ್ ಎಲ್ಲಿದೆ ಅಂತ ಗೊತ್ತಾಗದೆ ಟಿಕೆಟ್‌ನ ಹೆಸರು ಬದಲಾಯಿಸಿದ ಹಾಗೆ.

ಈ ನಡುವೆ ಔಷಧಿ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಮಕ್ಕಳ ಮನೋರೋಗಕ್ಕಂತಲೇ ಇದ್ದ ಬ್ರಾಡ್ಲಿ ಹೋಮ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಅನ್ನೋ ವೈದ್ಯರು ಮಕ್ಕಳ ಮಿದುಳಿನ ಎಕ್ಸ್‌ರೇ ತೆಗೀತಿದ್ದರು. ಅದಕ್ಕಾಗಿ ಬೆನ್ನುಹುರಿಯ ದ್ರವ ತೆಗೀಬೇಕಿತ್ತು. ಆಮೇಲೆ ಮಕ್ಕಳಿಗೆ ಸಹಿಸಲಾಗದ ತಲೆನೋವು. ಅದಕ್ಕೆ ಬೆಂಜೆಡ್ರಿನ್ ಅನ್ನೋ ಉತ್ತೇಜಕ ಕೊಟ್ಟು ನೋಡಿದರು. ತಲೆನೋವಿಗೆ ಅಷ್ಟೇನೂ ಪ್ರಯೋಜನ ಆಗಲಿಲ್ಲ, ಆದರೆ ಕೆಲವು ಮಕ್ಕಳು ದಿಢೀರನೆ ಪಾಠದಲ್ಲಿ ಮುಂದೆ ಬಂದರು. 1937ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿದ್ದದ್ದು 30 ಮಕ್ಕಳು. ಅವರಲ್ಲಿ 14 ಜನರ ಓದಿನಲ್ಲಿ ಎದ್ದು ಕಾಣೋ ಸುಧಾರಣೆ. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಅಂತ ಹೆಸರಿಟ್ಟಿದ್ದರಂತೆ.

1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪಾನಿಜಾನ್ ಅನ್ನೋ ರಸಾಯನಶಾಸ್ತ್ರಜ್ಞ ಮಿಥೈಲ್‌ಫೆನಿಡೇಟ್ ತಯಾರಿಸಿದರು. ಅದನ್ನು ನುಂಗಿ ನೋಡಿದ ಅವರ ಹೆಂಡತಿಯ ಹೆಸರು ಮಾರ್ಗರೀಟ್, ಮನೆಯಲ್ಲಿ ಕರೀತಿದ್ದದ್ದು ರೀಟಾ. ಹಾಗಾಗಿ ಔಷಧಿಗೆ ರಿಟಾಲಿನ್ ಅನ್ನೋ ಹೆಸರು ಬಂತು. ತಮಾಷೆ ಅಂದ್ರೆ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದಾಗ ಅದು ದೊಡ್ಡವರ ಔಷಧಿಯಾಗಿತ್ತು, ಆಯಾಸಕ್ಕೆ, ಖಿನ್ನತೆಗೆ. ಮಕ್ಕಳ ಔಷಧಿ ಅಂತ ಹೆಸರಾದದ್ದು ಆಮೇಲೆ. ದೊಡ್ಡವರಿಗೂ ಇದೇ ತೊಂದರೆ ಇರಬಹುದು ಅಂತ ಹೊಳೆಯೋಕೆ ಇನ್ನೂ ಎರಡು ದಶಕ ಬೇಕಾಯ್ತು.

1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನ ಎರಡನೇ ಆವೃತ್ತಿ ಬಂತು. ಅದರಲ್ಲಿ ಈ ಸ್ಥಿತಿಗೆ ಕೊಟ್ಟ ಹೆಸರಲ್ಲೇ ಎರಡು ಬಾಗಿಲು ಮುಚ್ಚಿಹೋದವು: ‘ಬಾಲ್ಯದ ಹೈಪರ್‌ಕೈನೆಟಿಕ್ ಪ್ರತಿಕ್ರಿಯೆ’. ಹೈಪರ್‌ಕೈನೆಟಿಕ್ ಅಂದ್ರೆ ಅತಿ ಚಲನೆ, ಅಂದಮೇಲೆ ಹಾನ್ಸ್ ಹೊರಗೆ. ಬಾಲ್ಯದ್ದು ಅಂದಮೇಲೆ ದೊಡ್ಡವರೂ ಹೊರಗೆ.

ಹಾನ್ಸ್‌ಗೆ ಬಾಗಿಲು ತೆಗೆದವರಲ್ಲಿ ಮುಖ್ಯರಾದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಡಗ್ಲಸ್. 1972ರ ಪ್ರಬಂಧದಲ್ಲಿ ಅವರು, ಈ ಮಕ್ಕಳ ಮೂಲ ಕಷ್ಟ ಓಡಾಟ ಅಲ್ಲ, ಗಮನವನ್ನು ಹಿಡಿದಿಡೋದು ಮತ್ತು ತಟ್ಟನೆ ಬರೋ ಪ್ರತಿಕ್ರಿಯೆಯನ್ನು ತಡೆಯೋದು ಅಂತ ವಾದಿಸಿದರು. ಅದರ ಪ್ರಭಾವದಿಂದ 1980ರ ಡಿಎಸ್‌ಎಂ-3ರಲ್ಲಿ ಹೆಸರು ‘ಅಟೆನ್ಷನ್ ಡೆಫಿಸಿಟ್ ಡಿಸಾರ್ಡರ್’ ಆಯ್ತು. ಅತಿ ಚಟುವಟಿಕೆ ಇದ್ದದ್ದು ಒಂದು ಬಗೆ, ಇಲ್ಲದ್ದು ಇನ್ನೊಂದು ಬಗೆ. ಬೆಳೆದ ಮೇಲೂ ಉಳಿದವರಿಗೆ ‘ರೆಸಿಡ್ಯುಯಲ್’ ಅಂತ ಒಂದು ಮೂಲೆ. ಪಾತ್ರೆ ತಳದಲ್ಲಿ ಉಳಿದ ಸಾರಿನ ಥರ. 1987ರಲ್ಲಿ ‘ಹೈಪರ್‌ಆಕ್ಟಿವಿಟಿ’ ಮತ್ತೆ ಸೇರಿ ಎಡಿಎಚ್‌ಡಿ ಅನ್ನೋ ಈಗಿನ ಹೆಸರು ಬಂತು. 1994ರ ಆವೃತ್ತಿಯಲ್ಲಿ ಬರೀ ಗಮನದ ಕಷ್ಟ ಇರೋರಿಗೆ ಮತ್ತೆ ಬೇರೆ ಜಾಗ ಸಿಕ್ಕಿತು.

ಇನ್ನು ದೊಡ್ಡವರ ವಿಷಯ. ಅವರು ಈ ಚರಿತ್ರೆಯೊಳಗೆ ಬಂದದ್ದು ಮಕ್ಕಳ ಕೈ ಹಿಡ್ಕೊಂಡು. ಕ್ಲಿನಿಕ್‌ಗೆ ಮಗನನ್ನೋ ಮಗಳನ್ನೋ ಕರ್ಕೊಂಡು ಬಂದ ಅಪ್ಪ ಅಮ್ಮಂದಿರಲ್ಲಿ ಕೆಲವರು, ವೈದ್ಯರು ಲಕ್ಷಣ ವಿವರಿಸುವಾಗ ಅದರಲ್ಲಿ ತಮ್ಮನ್ನೇ ಗುರುತಿಸಿಕೊಳ್ತಿದ್ದರು. ಇದು ಕಾಕತಾಳೀಯ ಅಲ್ಲ. ಅವಳಿ ಮಕ್ಕಳ ಅಧ್ಯಯನಗಳು ತೋರಿಸೋ ಹಾಗೆ ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು 70%ಕ್ಕೂ ಹೆಚ್ಚು. ಯೂಟಾ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲೇ ದೊಡ್ಡವರಲ್ಲಿ ಈ ಸ್ಥಿತಿಯನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು ವರದಿ ಮಾಡಿದ್ದರು. ಮಾಂಟ್ರಿಯಲ್‌ನಲ್ಲಿ ಗೇಬ್ರಿಯಲ್ ವೈಸ್, ಲಿಲಿ ಹೆಕ್ಟ್‌ಮನ್ ಇಬ್ಬರೂ ಇಂಥ ಮಕ್ಕಳನ್ನು ದೊಡ್ಡವರಾಗೋವರೆಗೆ ಹಿಂಬಾಲಿಸಿ, ಹಲವರಿಗೆ ಇದು ವಯಸ್ಸಿನ ಜೊತೆ ಹೋಗಲ್ಲ ಅಂತ ತೋರಿಸಿದರು. 1990ರಲ್ಲಿ ಆಲನ್ ಜಮೆಟ್‌ಕಿನ್ ತಂಡ ಇಂಥ 25 ವಯಸ್ಕರ ಮಿದುಳಿನ ಸ್ಕ್ಯಾನ್ ಮಾಡಿ, ಮಿದುಳು ಗ್ಲೂಕೋಸ್ ಬಳಸೋ ಪ್ರಮಾಣ ಉಳಿದವರಿಗಿಂತ ಸುಮಾರು 8% ಕಡಿಮೆ ಇದೆ ಅಂತ ವರದಿ ಮಾಡಿತು. ಆ 25 ಜನರೂ ಎಡಿಎಚ್‌ಡಿ ಇದ್ದ ಮಕ್ಕಳ ತಂದೆ ತಾಯಂದಿರೇ. (ಹಾಗಂತ ಇವತ್ತಿಗೂ ಎಡಿಎಚ್‌ಡಿ ಇದೆಯೋ ಇಲ್ಲವೋ ಹೇಳೋ ಸ್ಕ್ಯಾನ್ ಆಗಲಿ, ರಕ್ತಪರೀಕ್ಷೆ ಆಗಲಿ ಇಲ್ಲ. ಹಾಗೆ ಮಾರೋರು ಸಿಕ್ಕರೆ ದೂರ ಇರಿ.) 1994ರಲ್ಲಿ ಎಡ್ವರ್ಡ್ ಹ್ಯಾಲೊವೆಲ್, ಜಾನ್ ರೇಟಿ ಅನ್ನೋ ಇಬ್ಬರು ಮನೋವೈದ್ಯರ ‘ಡ್ರಿವನ್ ಟು ಡಿಸ್ಟ್ರಾಕ್ಷನ್’ ಜನಪ್ರಿಯವಾಯ್ತು. ತಮಗೂ ಇದು ಇದೆ ಅಂತ ಅವರಿಬ್ಬರೂ ಹೇಳಿಕೊಂಡಿದ್ದು ದೊಡ್ಡ ಸುದ್ದಿ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇನ್ನೂ ನಿಧಾನ. ಅದರ ಐಸಿಡಿ-10ರಲ್ಲಿ ಮುಖ್ಯ ಹೆಸರು ‘ಹೈಪರ್‌ಕೈನೆಟಿಕ್ ಡಿಸಾರ್ಡರ್’. ಅತಿ ಚಟುವಟಿಕೆ ಇಲ್ಲದ ಗಮನದ ಕೊರತೆಯನ್ನು ‘ಇತರೆ’ ಅನ್ನೋ ಗುಂಪಿಗೆ ಹಾಕಿದ್ದರು. ನಾವು ‘ಮಿಸ್ಕ್’ ಅಂತ ಒಂದು ಫೋಲ್ಡರ್ ಮಾಡಿ ಮರೆತುಬಿಡ್ತೀವಲ್ಲ, ಹಾಗೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ಎಡಿಎಚ್‌ಡಿ ಅನ್ನೋ ಹೆಸರೂ ಬಂತು, ಮುಖ್ಯವಾಗಿ ಗಮನದ ಕಷ್ಟ ಇರೋರಿಗೆ ಅದರೊಳಗೇ ಜಾಗವೂ ಸಿಕ್ಕಿತು.

ಈ ಕಾಲಾನುಕ್ರಮವನ್ನು ನಿಮ್ಮ ವಯಸ್ಸಿನ ಪಕ್ಕದಲ್ಲಿ ಇಟ್ಟು ನೋಡಿ. ಈಗ ಮೂವತ್ತರ ಆಸುಪಾಸಿನಲ್ಲಿರೋರು ಶಾಲೆಗೆ ಹೋಗ್ತಿದ್ದದ್ದು 1990ರ, 2000ದ ದಶಕಗಳಲ್ಲಿ. ಆಗ ನಮ್ಮ ಶಾಲೆಗಳಲ್ಲಿ ಈ ಹೆಸರೇ ಗೊತ್ತಿರಲಿಲ್ಲ. ನಮ್ಮಂಥ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ಒಂದೇ ಕೋಣೆಯಲ್ಲಿ ಎರಡು ಮೂರು ಕ್ಲಾಸು ನಡೆಸ್ತಿದ್ದರು. ಗಲಾಟೆ ಮಾಡೋ ಹುಡುಗನಿಗೆ ಏಟು ಬೀಳ್ತಿತ್ತು. ಕಿಟಕಿ ಆಚೆ ನೋಡ್ಕೊಂಡು ಕೂತ ಹುಡುಗಿಯನ್ನು ಯಾರೂ ಕೇಳ್ತಿರಲಿಲ್ಲ. ಅವಳು ‘ಸಾಧು’. ಮಕ್ಕಳ ಕ್ಲಿನಿಕ್‌ಗಳಲ್ಲಿ ಹುಡುಗರ ಸಂಖ್ಯೆ ತುಂಬಾ ಹೆಚ್ಚು, ವಯಸ್ಕರಲ್ಲಿ ಆ ಅಂತರ ಕಡಿಮೆಯಾಗುತ್ತೆ. ಕಾರಣಗಳಲ್ಲಿ ಒಂದು ಇದೇ.

ಹಾಗೆ ತಪ್ಪಿಸಿಕೊಂಡವರನ್ನು ವರ್ಷಗಟ್ಟಲೆ ನಿಲ್ಲಿಸಿದ್ದು ಹೊರಗಿನ ಕಟ್ಟು. ಬೆಳಿಗ್ಗೆ ಎದ್ದರೆ ಹಾಲು ಡೈರಿಗೆ ಹೋಗಬೇಕು, ಸಂಜೆ ದನ ಕಟ್ಟಬೇಕು, ಹಾಸ್ಟೆಲ್‌ನಲ್ಲಿ ಮೆಸ್ಸಿನ ಟೈಮು, ತಲೆ ಮೇಲೆ ಪರೀಕ್ಷೆಯ ದಿನಾಂಕ. ಹಿಂದಿನ ರಾತ್ರಿಯ ಗಾಬರಿಯಲ್ಲಿ ಓದಿ ಪಾಸಾಗೋ ಬುದ್ಧಿ ಇದ್ದರೆ ಬಿಇ ಕೂಡ ಮುಗಿಯುತ್ತೆ. ಕೆಲಸಕ್ಕೆ ಸೇರಿ, ಬೇರೆ ಮನೆ ಮಾಡಿ, ತಿಂಗಳುಗಟ್ಟಲೆ ನಡೆಯೋ ಪ್ರಾಜೆಕ್ಟು ಕೈಗೆ ಬಂದಾಗ ಆ ಕಟ್ಟು ಕಳಚಿ ಬೀಳುತ್ತೆ. 2020ರ ಲಾಕ್‌ಡೌನ್‌ನಲ್ಲಿ ಆಫೀಸು ಮನೆಗೇ ಬಂದಾಗ ಉಳಿದಿದ್ದ ಚೂರು ಕಟ್ಟೂ ಹೋಯ್ತು. ಇಷ್ಟವಾದ ಕೋಡ್ ಸಿಕ್ಕರೆ ರಾತ್ರಿಯಿಡೀ ಕೂರೋ ಮನುಷ್ಯ, ಎರಡು ಸಾಲಿನ ಟೈಮ್‌ಶೀಟ್ ತುಂಬೋಕೆ ಮೂರು ವಾರ ತಗೋತಾನೆ. ಅವನಲ್ಲಿ ಗಮನ ಇಲ್ಲ ಅಂತಲ್ಲ, ಅದರ ಹಗ್ಗ ಅವನ ಕೈಯಲ್ಲಿ ಇಲ್ಲ.

ಇಷ್ಟು ಓದಿ ‘ಇದು ನಾನೇ’ ಅನಿಸಿದರೆ, ಚರಿತ್ರೆಯ ಇನ್ನೆರಡು ಪುಟ ಬಾಕಿ ಇವೆ. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,000ಕ್ಕೂ ಹೆಚ್ಚು ಜನರನ್ನು ಸಂಶೋಧಕರು ಬಾಲ್ಯದಿಂದಲೂ ಹಿಂಬಾಲಿಸ್ತಾ ಬಂದಿದ್ದಾರೆ. 2015ರಲ್ಲಿ ಟೆರಿ ಮೊಫಿಟ್ ತಂಡ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. 38ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣ ಇದ್ದವರಲ್ಲಿ 90% ಜನರಿಗೆ ಚಿಕ್ಕಂದಿನಲ್ಲಿ ಅದು ಇದ್ದ ದಾಖಲೆ ಇರಲಿಲ್ಲ. ಅವರೆಲ್ಲ ಕಣ್ತಪ್ಪಿದ ಹಾನ್ಸ್‌ಗಳಾ, ಅಥವಾ ಅದು ಬೇರೆಯೇ ತೊಂದರೆಯಾ? 2018ರಲ್ಲಿ ಮಾರ್ಗರೆಟ್ ಸಿಬ್ಲಿ ತಂಡ ಅಮೆರಿಕದಲ್ಲಿ, ದೊಡ್ಡವರಾದ ಮೇಲೆ ಲಕ್ಷಣ ಕಾಣಿಸಿಕೊಂಡ ಯುವಜನರನ್ನು ಒಬ್ಬೊಬ್ಬರಾಗಿ ಪರಿಶೀಲಿಸಿತು. ಪ್ರಶ್ನಾವಳಿಯಲ್ಲಿ ‘ಹೌದು’ ಬಂದವರಲ್ಲಿ ಸುಮಾರು 95% ಜನರು ಕೊನೆಗೆ ಹೊರಬಿದ್ದರು. ಕೆಲವರ ಲಕ್ಷಣಗಳ ಹಿಂದೆ ಬೇರೆ ಮಾನಸಿಕ ತೊಂದರೆ ಇತ್ತು, ಕೆಲವರದು ಮಾದಕ ವಸ್ತುಗಳ ಪರಿಣಾಮ, ಇನ್ನು ಕೆಲವರ ಬದುಕಿಗೆ ಆ ಲಕ್ಷಣಗಳಿಂದ ಅಂಥ ಅಡ್ಡಿಯೇ ಇರಲಿಲ್ಲ.

ಅಂದ್ರೆ ಲಕ್ಷಣಗಳ ಪಟ್ಟಿ ಬರೀ ಬಾಗಿಲು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ತಯಾರಿಸಿ 2005ರಲ್ಲಿ ಪ್ರಕಟಿಸಿದ ಎಎಸ್‌ಆರ್‌ಎಸ್ ಪ್ರಶ್ನಾವಳಿಯಲ್ಲಿ 18 ಪ್ರಶ್ನೆ ಇವೆ. ಮೊದಲ 6 ಪ್ರಶ್ನೆಗಳನ್ನು ಎರಡು ನಿಮಿಷದಲ್ಲಿ ಉತ್ತರಿಸಬಹುದು. ಅದು ‘ಮುಂದೆ ಪರೀಕ್ಷಿಸಬೇಕಾ’ ಅಂತಷ್ಟೇ ಹೇಳುತ್ತೆ. 2013ರ ಡಿಎಸ್‌ಎಂ-5ರ ಪ್ರಕಾರ 17 ದಾಟಿದವರಿಗೆ ಎರಡು ಪಟ್ಟಿಗಳಲ್ಲಿ ಯಾವುದಾದರೂ ಒಂದರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು. ಮನೆ, ಕೆಲಸ, ಸಂಬಂಧ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಇರಬೇಕು. ಬದುಕಿಗೆ ನಿಜವಾಗಿ ಅಡ್ಡಿ ಮಾಡ್ತಿರಬೇಕು. ನಿದ್ದೆಗೇಡು, ಆತಂಕ, ಖಿನ್ನತೆ, ಥೈರಾಯ್ಡ್ ಎಲ್ಲವೂ ಇದೇ ವೇಷ ಹಾಕ್ಕೊಂಡು ಬರಬಹುದು. ಒಬ್ಬ ಮ್ಯಾನೇಜರ್ ಬಂದ ಮೇಲೆ ಶುರುವಾಗಿದ್ದರೆ, ಕಾರಣ ಆ ಮ್ಯಾನೇಜರೇ ಇರಬಹುದು.

ಹಾಗಾಗಿ ರೀಲ್ಸ್ ನೋಡೋದಕ್ಕಿಂತ ಊರಿಗೆ ಒಂದು ಫೋನ್ ಮಾಡಿದರೆ ಹೆಚ್ಚು ಉಪಯೋಗ. ಅಮೆರಿಕದ ರೋಗಿಗಳ ಹತ್ತಿರ ಟೀಚರ್ ಬರೆದ ರಿಪೋರ್ಟ್ ಇರುತ್ತೆ, ನಮ್ಮ ಮಾರ್ಕ್ಸ್ ಕಾರ್ಡ್‌ನಲ್ಲಿ ಇರೋದು ಅಂಕ ಮಾತ್ರ. ನಮ್ಮ ದಾಖಲೆ ಅಮ್ಮನ ನೆನಪಲ್ಲಿದೆ. ‘ನನಗೆ ಏಕಾಗ್ರತೆ ಇತ್ತಾ?’ ಅಂತ ಕೇಳಿದರೆ ‘ನಿನಗೇನಪ್ಪಾ, ಚೆನ್ನಾಗೇ ಇದ್ದೆ’ ಅಂತಾರೆ. ಬೇರೆ ಥರ ಕೇಳಿ. ಅಂಗಡಿಗೆ ಕಳಿಸಿದರೆ ಎಷ್ಟು ಸಲ ಚೀಲ ಅಲ್ಲೇ ಬಿಟ್ಟು ಬರ್ತಿದ್ದೆ? ದನ ಮೇಯಿಸೋಕೆ ಹೋದರೆ ದನ ಯಾರ ಹೊಲಕ್ಕೆ ನುಗ್ತಿತ್ತು? ವರ್ಷಕ್ಕೆ ಎಷ್ಟು ಛತ್ರಿ ಕಳೀತಿದ್ದೆ? ಅಕ್ಕ ಅಣ್ಣಂದಿರು ಇದಕ್ಕೆ ಇನ್ನೂ ಖುಷಿಯಿಂದ ಉತ್ತರ ಕೊಡ್ತಾರೆ. ಅದನ್ನೆಲ್ಲ ಬರೆದುಕೊಂಡು ಮನೋವೈದ್ಯರ ಹತ್ತಿರ ಹೋಗಿ. ಬೆಂಗಳೂರಿನಲ್ಲಿ ಇರೋರಿಗೆ ನಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಎಲ್ಲಿಂದ ಶುರು ಮಾಡೋದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ 14416 ನಂಬರಿನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರೋ ಔಷಧಿ. ಗೆಳೆಯನ ಮಾತ್ರೆ ಒಂದು ತಗೊಂಡು ನೋಡ್ತೀನಿ ಅನ್ನೋದು ಬೇಡ.

ಹೆಸರು ಸಿಕ್ಕರೆ ಎಲ್ಲಾ ಸರಿಹೋಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರೋ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಎಚ್‌ಆರ್‌ಗೆ ಹೇಳಬೇಕಾ ಬೇಡವಾ ಅನ್ನೋ ಲೆಕ್ಕ ನಿಮ್ಮದೇ. ಪರೀಕ್ಷೆ ಆದಮೇಲೆ ‘ಇದು ಎಡಿಎಚ್‌ಡಿ ಅಲ್ಲ, ನಿದ್ದೆ ಸಾಲ್ತಿಲ್ಲ’ ಅಂತ ಗೊತ್ತಾದರೂ ಅದು ಲಾಭವೇ, ಅದಕ್ಕೂ ದಾರಿ ಇದೆ. ಹೌದು ಅಂತಾದರೆ ಔಷಧಿ ಇದೆ, ಥೆರಪಿ ಇದೆ, ಅಲಾರಂ, ಪಟ್ಟಿ, ಪಕ್ಕದಲ್ಲಿ ಕೂತು ಕೆಲಸ ಮಾಡೋ ಗೆಳೆಯ, ಹೀಗೆ ಕಳಚಿಹೋದ ಕಟ್ಟನ್ನು ಮತ್ತೆ ಕಟ್ಟಿಕೊಳ್ಳೋ ದಾರಿಗಳಿವೆ. ಬಿಲ್ ಕಟ್ಟೋದು ಮತ್ತೂ ಮರೆತುಹೋಗಬಹುದು. ಮರೆತಾಗಲೆಲ್ಲ ‘ನಾನು ಕೆಟ್ಟವನು’ ಅಂದ್ಕೊಳ್ಳೋದು ನಿಲ್ಲಬಹುದು. ಮದುವೆಯಾಗಿ ಇಷ್ಟು ವರ್ಷ ‘ನನ್ನ ಮಾತಿಗೆ ಬೆಲೆನೇ ಇಲ್ಲ’ ಅಂದ್ಕೊಂಡಿದ್ದ ಹೆಂಡತಿಯೋ ಗಂಡನೋ ಇನ್ನೊಂದು ಸಲ ಯೋಚಿಸಬಹುದು.

ಹಾನ್ಸ್ ನೀರಿನಿಂದ ಮೇಲೆ ಬಂದಾಗ ನದಿಯ ಮೀನುಗಳು ತಲೆ ಎತ್ತಿ ಅವನನ್ನು ನೋಡಿ ನಗೋ ಹಾಗೆ ಹಾಫ್‌ಮನ್ ಚಿತ್ರ ಬಿಡಿಸಿದ್ದಾರೆ. ಅಲ್ಲಿಗೆ ಪದ್ಯ ಮುಗಿಯುತ್ತೆ. ಮರುದಿನ ಹಾನ್ಸ್ ಯಾವ ದಾರಿಯಲ್ಲಿ ಶಾಲೆಗೆ ಹೋದ, ಜೊತೆಗೆ ಯಾರಾದರೂ ಹೋದರಾ ಅನ್ನೋದು ಅದರಲ್ಲಿ ಇಲ್ಲ.